ಮುತ್ತಿನ ದೃಶ್ಯ ಬಂದ ಕೂಡಲೇ ಆಡುವವರು ನಗ್ತಾರೆ, ಎಲ್ಲಿ ತಪ್ಪಾಗ್ತಿದೆ?

ಕತ್ತಲಕೋಟೆ:
ಮೂರು ವಾರದಿಂದ ಒಂದೇ ದೃಶ್ಯದ ಹಿಂದೆ ಬಿದ್ದಿದ್ದೇನೆ, ಸಾಕಾಗಿ ಹೋಗಿದೆ. ನಾನು ಮಾಡುತ್ತಿರುವ ಆರ್‌ಪಿಜಿಯಲ್ಲಿ (ಕಥೆಯ ಪಾತ್ರವಾಗಿ ಆಡುವ ವಿಡಿಯೋ ಗೇಮ್) ನಾಯಕ ಮತ್ತು ಇರುಳಿ ಅನ್ನುವ ಜೊತೆಗಾತಿ ರಾತ್ರಿ ಬಿಡಾರದಲ್ಲಿ ಬೆಂಕಿ ಪಕ್ಕ ಕೂತು ಮಾತಾಡುತ್ತಾರೆ. ಕೊನೆಗೆ ಒಂದು ಮುತ್ತು. ಆರು ಜನರಿಗೆ ಆಡಲು ಕೊಟ್ಟೆ. ಐದು ಜನ ಸರಿಯಾಗಿ ಅಲ್ಲೇ ನಕ್ಕರು. ಆರನೆಯವರು ಸ್ಕಿಪ್ ಮಾಡಿದರು. ಬೆಳಕು ಬದಲಿಸಿದೆ, ಸಂಗೀತ ಬದಲಿಸಿದೆ, ಮಾತುಗಳನ್ನು ಹನ್ನೊಂದು ಸಲ ತಿದ್ದಿದೆ. ಏನೂ ಆಗಲಿಲ್ಲ. "ಇನ್ನೂ ಭಾವನೆ ತುಂಬಿ" ಅಂತ ಮಾತ್ರ ಹೇಳಬೇಡಿ, ದಯವಿಟ್ಟು.

ಮೂಳೆಮಾಂತ್ರಿಕ:
ಎತ್ತರ. ನೂರಕ್ಕೆ ನೂರು ಎತ್ತರದ ಸಮಸ್ಯೆ. ಇಬ್ಬರನ್ನೂ ಸೇರಿಸಿ ಅನಿಮೇಟ್ ಮಾಡುವಾಗ ಒಂದು ಅಳತೆಗೆ ಕೂರಿಸಿರುತ್ತೀರಿ. ಒಬ್ಬರು ನಾಲ್ಕು ಬೆರಳು ಕುಳ್ಳಗಾದರೂ ತುಟಿ ಹೋಗಿ ಗದ್ದಕ್ಕೆ ತಾಗುತ್ತೆ. ಗೊಂಬೆಯ ತಲೆಯ ಮೂಳೆಗೆ ಐಕೆ ಟಾರ್ಗೆಟ್ ಕೊಡಿ, ಅಂದರೆ ತಲೆ ತಲುಪಬೇಕಾದ ಗುರಿ ಕೊಟ್ಟರೆ ಉಳಿದ ಮೂಳೆಗಳು ತಾವೇ ಬಾಗುತ್ತವೆ. ಆದರೆ ಬಾಗುವುದನ್ನು ಇಡೀ ಬೆನ್ನಿಗೆ ಹಂಚಿ. ಕುತ್ತಿಗೆ ಒಂದನ್ನೇ ಬಗ್ಗಿಸಿದರೆ ಕೊಕ್ಕರೆ ಮೀನು ಹಿಡಿಯುವ ಥರ ಕಾಣುತ್ತೆ. ಬಾಲ್ಡರ್ಸ್ ಗೇಟ್ 3 ಅನ್ನುವ ಆರ್‌ಪಿಜಿಯಲ್ಲೇ 2024ರ ಫೆಬ್ರವರಿಯ ಆರನೇ ಪ್ಯಾಚ್‌ನಲ್ಲಿ (ತಿದ್ದುಪಡಿಯಲ್ಲಿ) ಸಂಗಾತಿಗಳ ಮುತ್ತುಗಳನ್ನು ಮತ್ತೆ ಮಾಡಿದರು. ಅಷ್ಟು ದೊಡ್ಡ ತಂಡಕ್ಕೇ ಒಂದೇ ಸಲಕ್ಕೆ ಮುಗಿಯದ ಕೆಲಸ ಇದು.

ಕತ್ತಲಕೋಟೆ:
ನಾಯಕನ ಎತ್ತರ ಬದಲಿಸಬಹುದು. ಆದರೆ ಆರೂ ಜನ ಮಾಮೂಲಿ ಎತ್ತರದಲ್ಲೇ ಆಡಿದ್ದು.

ಮೂಳೆಮಾಂತ್ರಿಕ:
ಹಾಗಿದ್ರೂ ಎತ್ತರವೇ. ಬೂಟಿನ ಹಿಮ್ಮಡಿ ಲೆಕ್ಕ ಹಾಕಿದ್ರಾ? ಎಂಜಿನ್ ಯಾವುದು, ಅಂದರೆ ಯಾವ ಸಾಫ್ಟ್‌ವೇರ್‌ನಲ್ಲಿ ಆಟ ಕಟ್ಟುತ್ತಿದ್ದೀರಿ?

ಹಳೇಆಟಗಾರ:
ಮುತ್ತು ತೋರಿಸಲೇಬೇಕಾ? 2000ದಲ್ಲಿ ಬಂದ ಬಾಲ್ಡರ್ಸ್ ಗೇಟ್ 2 ನೆನಪಿಸಿಕೊಳ್ಳಿ. ಪರದೆ ಮೇಲೆ ಬೆರಳುದ್ದದ ಗೊಂಬೆಗಳು, ಪಕ್ಕದಲ್ಲೊಂದು ಮುಖದ ಚಿತ್ರ, ಮಿಕ್ಕಿದ್ದೆಲ್ಲ ಅಕ್ಷರ. ಆದರೂ ಜನ ಮನಸ್ಸು ಕೊಟ್ಟು ಆಡಿದರು. ಒಳಗೆ ಒಂದು ಟೈಮರ್ ಓಡುತ್ತಿತ್ತು. ಒಂದು ಮಾತುಕತೆ ಮುಗಿದರೆ ಮುಂದಿನದಕ್ಕೆ ಕಾಯಬೇಕು. ಎಲ್ಲೋ ನಡೆದು ಹೋಗುತ್ತಿದ್ದಾಗ ಏರಿ ಅನ್ನುವ ಜೊತೆಗಾತಿ ತಾನಾಗಿ ಬಂದು ಮಾತು ತೆಗೆಯುತ್ತಿದ್ದಳು. ಆ ಕಾಯುವಿಕೆಯಲ್ಲೇ ಅರ್ಧ ಪ್ರೀತಿ ಇತ್ತು. ಪರದೆ ಕಪ್ಪು ಮಾಡಿ ಸರ್, ಕೆಲಸ ಮುಗೀತು.

ಮೂಳೆಮಾಂತ್ರಿಕ:
ಕಪ್ಪು ಮಾಡುವುದು ಪರಿಹಾರ ಅಲ್ಲ, ಜಾರಿಕೊಳ್ಳುವುದು. ಇಪ್ಪತ್ತು ಗಂಟೆ ಆಕೆಯ ಮುಖ ಹತ್ತಿರದಿಂದ ತೋರಿಸಿ, ಕೊನೆಗೆ ಬಾಗಿಲು ಹಾಕಿದರೆ ಆಡುವವರಿಗೆ ಬೇಜಾರಾಗುತ್ತೆ. ತೋರಿಸದೆ ಇರುವುದಕ್ಕೂ ಒಂದು ರೀತಿ ಬೇಕು. 2007ರ ಮೊದಲ ವಿಚರ್ ಆಟದಲ್ಲಿ ಆ ಜಾಗದಲ್ಲಿ ಒಂದು ಚಿತ್ರದ ಕಾರ್ಡ್ ಕೈಗೆ ಬರುತ್ತಿತ್ತು. ಅದು ಸಂಬಂಧವಾ, ಸಂಗ್ರಹವಾ?

ಹಳೇಆಟಗಾರ:
ನಾನು ಕಾರ್ಡ್ ಕೊಡಿ ಅಂದೆನಾ? ಕಪ್ಪು ಪರದೆ ಅಂದೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಪದಗಾರ್ತಿ:
ಇಬ್ಬರೂ ಸ್ವಲ್ಪ ತಡೆಯಿರಿ. ಕತ್ತಲಕೋಟೆಯವರೇ, ಮಾತುಗಳನ್ನು ಇಲ್ಲಿ ಹಾಕಿ. ಮಾತು ಓದದೆ ಮೂಳೆ ಬಗ್ಗೆ ಜಗಳ ಯಾಕೆ?

ಕತ್ತಲಕೋಟೆ:
ಗೊಡಾಟ್ ಎಂಜಿನ್. ಬೂಟಿನ ಲೆಕ್ಕ ಹಾಕಿದ್ದೇನೆ. ಕೊನೆಯ ಸಾಲುಗಳು ಇವು:
ಇರುಳಿ: "ಈ ರಾತ್ರಿ ಎಷ್ಟು ಚೆನ್ನಾಗಿದೆ ಅಲ್ವಾ?"
ನಾಯಕ: "ನೀನು ಜೊತೆಗಿದ್ದರೆ ಎಲ್ಲಾ ರಾತ್ರಿಯೂ ಚೆನ್ನಾಗಿರುತ್ತೆ."
ಇರುಳಿ: "ನಿನ್ನ ಪಕ್ಕ ಕೂತರೆ ನನಗೆ ಯಾವ ನೋವೂ ನೆನಪಾಗಲ್ಲ."
ಆಮೇಲೆ ಮೂರು ಆಯ್ಕೆ. ಒಂದರ ಮುಂದೆ ಹೃದಯದ ಗುರುತು.

ಪದಗಾರ್ತಿ:
ಎಲ್ಲರೂ ತಮಗೆ ಏನನಿಸುತ್ತಿದೆ ಅಂತ ವರದಿ ಒಪ್ಪಿಸುತ್ತಿದ್ದಾರೆ. ಯಾರೂ ಏನನ್ನೂ ಮಾಡುತ್ತಿಲ್ಲ. ಕೈಗೆ ಕೆಲಸ ಕೊಡಿ. ಹೃದಯದ ಗುರುತನ್ನೂ ತೆಗೆಯಿರಿ. ಅದು ಇದ್ದರೆ ಆಡುವವರು ಇರುಳಿಯ ಮುಖ ನೋಡಲ್ಲ, ಗುರುತು ಹುಡುಕಿ ಒತ್ತುತ್ತಾರೆ.

ಹಳೇಆಟಗಾರ:
ಗುರುತು ಬೇಕು. 2011ರ ಡ್ರ್ಯಾಗನ್ ಏಜ್ 2ರಲ್ಲಿ ಹೃದಯದ ಗುರುತು ಇಟ್ಟಿದ್ದರಿಂದ ಗೊಂದಲ ಇರಲಿಲ್ಲ. ಗುರುತು ಇಲ್ಲದ ಆಟಗಳಲ್ಲಿ ಸುಮ್ನೆ ಒಳ್ಳೆಯದಾಗಿ ಮಾತಾಡಿದ್ದಕ್ಕೆ ಪ್ರೇಮ ಶುರುವಾಗಿ ನಾನೇ ಫಜೀತಿಪಟ್ಟಿದ್ದೇನೆ.

ಪದಗಾರ್ತಿ:
ಗೊಂದಲ ಆಯ್ಕೆಯ ಸಾಲನ್ನು ಸರಿಯಾಗಿ ಬರೆಯದೆ ಇದ್ದದ್ದರಿಂದ ಬರುತ್ತೆ. ಸಾಲೇ ಸ್ಪಷ್ಟ ಇದ್ದರೆ ಗುರುತು ಯಾಕೆ?

ಸೂಟ್‌ಧಾರಿ:
ನಾನು ಈಗಷ್ಟೇ ಮೋಷನ್ ಕ್ಯಾಪ್ಚರ್ ಸೂಟ್ ತಗೊಂಡೆ, ಮೈಯ ಚಲನೆಯನ್ನು ಹಾಗೇ ಕಂಪ್ಯೂಟರ್‌ಗೆ ಇಳಿಸುತ್ತೆ. ಮುಖಕ್ಕೆ ಹೆಲ್ಮೆಟ್ ಕ್ಯಾಮೆರಾ, ಕೈಗೆ ಗ್ಲೌಸ್, ಮೂರು ಮಾನಿಟರ್. ಬೆರಳಿನ ನಡುಕ ಕೂಡ ಬರುತ್ತೆ. ಕೈಯಲ್ಲಿ ಒಂದೊಂದೇ ಭಂಗಿ ಕೂರಿಸಿ ಕೀ ಫ್ರೇಮ್ ಹಾಕಿದರೆ ಪ್ರೀತಿ ಬರಲ್ಲ.

ಮೂಳೆಮಾಂತ್ರಿಕ:
ಗ್ಲೌಸ್ ಡ್ರಿಫ್ಟ್ ಆಗುತ್ತಾ, ಅಂದರೆ ಅಳತೆ ಜಾರುತ್ತಾ? ಹೆಬ್ಬೆರಳು ಸರಿಯಾಗಿ ಹಿಡಿಯುತ್ತಾ?

ಸೂಟ್‌ಧಾರಿ:
ಹತ್ತು ನಿಮಿಷಕ್ಕೊಮ್ಮೆ ಕ್ಯಾಲಿಬ್ರೇಟ್ ಮಾಡಬೇಕು. ಹೆಬ್ಬೆರಳು ಸೂಪರ್.

ನಿದ್ದೆಗೆಟ್ಟವ:
ಕತ್ತಲಕೋಟೆ ಅಣ್ಣ, ಆಡಿದವರಲ್ಲಿ ಒಬ್ಬರ ರೆಕಾರ್ಡಿಂಗ್ ಹಾಕ್ತೀರಾ? ನಿಮ್ಮದಲ್ಲ, ಅವರದ್ದು. ದೃಶ್ಯಕ್ಕಿಂತ ಅರ್ಧ ಗಂಟೆ ಮುಂಚಿನಿಂದ.

ಕತ್ತಲಕೋಟೆ:
ಹಾಕಿದ್ದೇನೆ. ನಾನೇ ಇನ್ನೂ ಪೂರ್ತಿ ನೋಡಿಲ್ಲ. ನಾನು ಯಾವಾಗಲೂ ಪರೀಕ್ಷೆಗೆ ಇಟ್ಟಿರುವ ಡಿಬಗ್ ಮೆನುವಿನಿಂದ ನೇರ ಈ ದೃಶ್ಯಕ್ಕೆ ಹಾರುತ್ತೇನೆ.

ನಿದ್ದೆಗೆಟ್ಟವ:
ಪೂರ್ತಿ ನೋಡಿದೆ. ಇರುಳಿಯ ಹಿಂದೆ ನಾಲ್ಕು ಹಾಸಿಗೆ ಇವೆ. ಒಂದು ಖಾಲಿ. ಅದರ ಮೇಲೆ ಒಂದು ಜೊತೆ ಕೈಗವಸು, ಅಂದರೆ ಚರ್ಮದ ಗ್ಲೌಸ್. ಅದು ಯಾರದ್ದು?

ಕತ್ತಲಕೋಟೆ:
ಓ, ಅದಾ? ಅವಳ ತಮ್ಮನದ್ದು. ಸೇತುವೆ ಕಾಳಗದಲ್ಲಿ ಸಾಯುತ್ತಾನೆ. ಅದು ಕಥೆಯ ಮುಖ್ಯ ಭಾಗ, ಹಾಗಾಗಿ ಇಲ್ಲಿ ಹೇಳಲಿಲ್ಲ.

ಪದಗಾರ್ತಿ:
ಕಾಳಗ ಯಾವಾಗ?

ಕತ್ತಲಕೋಟೆ:
ಈಗ ರೆಕಾರ್ಡಿಂಗ್ ನೋಡಿದೆ. ಅದೇ ದಿನ ಬೆಳಿಗ್ಗೆ.

ದೃಶ್ಯಕ್ಕೆ ಇರುವುದು ಎರಡೇ ಷರತ್ತು: ಒಲವಿನ ಅಂಕ 40 ದಾಟಿರಬೇಕು, ರಾತ್ರಿ ಬಿಡಾರ ಹೂಡಿರಬೇಕು. ತಮ್ಮನ ಹೆಣ ಹೊತ್ತು ತಂದರೆ ನಾನೇ 15 ಅಂಕ ಇಟ್ಟಿದ್ದೆ. ಒಳ್ಳೆಯ ಮನಸ್ಸಿನಿಂದ ಆಡಿದವರೆಲ್ಲ ಹೊತ್ತು ತಂದರು. ಎಲ್ಲರಿಗೂ ಅಂದು ರಾತ್ರಿಯೇ ಬಂತು. ಬೆಳಿಗ್ಗೆ ತಮ್ಮನನ್ನು ಮಣ್ಣು ಮಾಡಿದವಳು ರಾತ್ರಿ "ಎಷ್ಟು ಚೆನ್ನಾಗಿದೆ ಅಲ್ವಾ" ಅಂತಾಳೆ.

ನಿದ್ದೆಗೆಟ್ಟವ:
ಹೌದು ಅಣ್ಣ. ನಗು ಅಲ್ಲಿಂದ ಬಂದಿದ್ದು. ಇದು ದೊಡ್ಡವರಿಗೂ ಆಗಿದೆ. ಬಾಲ್ಡರ್ಸ್ ಗೇಟ್ 3 2023ರಲ್ಲಿ ಬಂದ ಹೊಸತರಲ್ಲಿ ಗೇಲ್ ಅನ್ನುವ ಜೊತೆಗಾರ ತೀರಾ ಬೇಗ ಮೇಲೆ ಬೀಳುತ್ತಿದ್ದ. ಅದು ಬಗ್, ಅಂಕದ ಮಿತಿ ಕಡಿಮೆ ಇತ್ತು ಅಂತ ಮಾಡಿದವರೇ ಹೇಳಿದರು. ಜನ ಮಾತ್ರ ಅದನ್ನು ಅವನ ಸ್ವಭಾವ ಅಂದುಕೊಂಡಿದ್ದರು. ಅಂಕ ಅಂದರೆ ಅವಳು ನಿಮ್ಮನ್ನು ಎಷ್ಟು ಮೆಚ್ಚಿದ್ದಾಳೆ ಅನ್ನುವುದು ಅಷ್ಟೆ. ಇವತ್ತು ಅವಳ ಮನಸ್ಸು ಹೇಗಿದೆ ಅನ್ನುವುದು ಅದರಲ್ಲಿ ಇಲ್ಲ. "ದುಃಖ" ಅಂತ ಬೇರೆ ವೇರಿಯಬಲ್ (ಆಟ ನೆನಪಿಡುವ ಒಂದು ಅಂಕಿ) ಇಡಿ. ಸಾವಿನ ದಿನ 3, ಪ್ರತಿ ರಾತ್ರಿ ಒಂದು ಕಡಿಮೆ ಮಾಡಿ. ಸೊನ್ನೆ ಆಗುವವರೆಗೆ ಮುತ್ತಿನ ದೃಶ್ಯ ಕ್ಯೂನಲ್ಲೇ ಕಾಯಲಿ.

ಪದಗಾರ್ತಿ:
ಕಾಯಿಸಿದರೆ ಸಾಲದು, ಆ ರಾತ್ರಿಯನ್ನು ಖಾಲಿ ಬಿಡಬೇಡಿ. ಆ ಗ್ಲೌಸ್ ಹರಿದಿದೆ, ಇರುಳಿ ಹೊಲಿಯಲು ಕೂತಿದ್ದಾಳೆ. ಬೆಂಕಿಯ ಬೆಳಕಿಗೆ ಸೂಜಿಗೆ ದಾರ ಪೋಣಿಸಲು ಆಗುತ್ತಿಲ್ಲ. ಆಯ್ಕೆ ಎರಡೇ: "ಇಲ್ಲಿ ಕೊಡು" ಅಥವಾ ಸುಮ್ಮನೆ ಪಕ್ಕ ಕೂರುವುದು. ದಾರ ಪೋಣಿಸಿ ಕೊಟ್ಟರೆ ಅವಳು "ಎಡಗೈದು ಅವನು ಯಾವಾಗಲೂ ಹರೀತಿದ್ದ" ಅನ್ನಲಿ. ಅಷ್ಟೇ ಸಾಕು. ಅಂಕ ಕೊಡಬೇಡಿ. ಕ್ಯಾಮೆರಾ ಕೈಗಳ ಮೇಲೆ ಇರಲಿ, ಮುಖದ ಅನಿಮೇಶನ್ ಕೆಲಸವೂ ಉಳಿಯುತ್ತೆ. ಮೂರು ರಾತ್ರಿ ಆದ ಮೇಲೆ ಮುತ್ತಿನ ದೃಶ್ಯದಲ್ಲಿ ಆ ಹೊಲಿದ ಗ್ಲೌಸ್ ಅವಳ ಕೈಯಲ್ಲಿರಲಿ. ಮೊದಲು ಅದನ್ನು ತೆಗೆದಿಡಲಿ.

ಮೂಳೆಮಾಂತ್ರಿಕ:
ಚೆನ್ನಾಗಿದೆ. ಆದರೂ ರೆಕಾರ್ಡಿಂಗ್‌ನಲ್ಲಿ ಮೂಗು ಕೆನ್ನೆಯೊಳಗೆ ಹೋಗಿದೆ. ನಾನು ಹೇಳಿದ್ದೂ ಸುಳ್ಳಲ್ಲ.

ಕತ್ತಲಕೋಟೆ:
ಹತ್ತು ದಿನ ಆಯ್ತು, ಎರಡನ್ನೂ ಮಾಡಿದೆ. ಬಾಗುವುದನ್ನು ಬೆನ್ನಿಗೆ ಹಂಚಿದೆ, ಮೂಗು ಸರಿಹೋಯ್ತು. ಹೊಸಬರು ನಾಲ್ಕು ಜನ ಆಡಿದರು, ಯಾರೂ ನಗಲಿಲ್ಲ. ಒಬ್ಬರು ಸೂಜಿಯ ಹತ್ತಿರ ಯಾವ ಆಯ್ಕೆಯನ್ನೂ ಒತ್ತದೆ ತುಂಬಾ ಹೊತ್ತು ಕೂತಿದ್ದರು. ಹ್ಯಾಂಗ್ ಆಯ್ತಾ ಅಂತ ಕೇಳಿದೆ. ಇಲ್ಲ, ಇರಲಿ ಅಂದರು. ಹೃದಯದ ಗುರುತು ತೆಗೆದಿದ್ದೇನೆ.

ಈಗ ಒಂದೇ ತೊಡಕು. ಹಳೆಯ ಸೇವ್‌ಗಳಲ್ಲಿ "ದುಃಖ" ವೇರಿಯಬಲ್ ಇಲ್ಲ, ಲೋಡ್ ಮಾಡಿದರೆ ಸೊನ್ನೆ ಅಂತ ಓದುತ್ತೆ, ಮುತ್ತು ಮತ್ತೆ ಅದೇ ರಾತ್ರಿ ಬರುತ್ತೆ. ಹಳೆಯದು ಯಾವುದು ಅಂತ ಗೊತ್ತಾಗಲು ಸೇವ್ ಫೈಲ್‌ಗೆ ವರ್ಷನ್ ನಂಬರ್ ಇಟ್ಟವರು ಯಾರಾದರೂ ಇದ್ದೀರಾ?

ಸೂಟ್‌ಧಾರಿ:
ಸೂಜಿ ಹಿಡಿಯುವ ಬೆರಳು ಬೇಕಿದ್ದರೆ ನಾನು ರೆಕಾರ್ಡ್ ಮಾಡಿ ಕಳಿಸ್ತೀನಿ.