ಸುಂದರಬನದ ಒಡಂಬಡಿಕೆಯಿಂದ ಕರಾವಳಿಗೆ ನಿಜವಾಗಿ ಏನು ಸಿಕ್ಕಿದೆ?

ಪ್ರಶ್ನೆ (ಧಾರವಾಡದಿಂದ):
ವಿಭಾಗದ ವಿಚಾರಗೋಷ್ಠಿಗಾಗಿ ಸುಂದರಬನದ ಬಗ್ಗೆ ಪ್ರಬಂಧ ಸಿದ್ಧಪಡಿಸುತ್ತಿದ್ದೇನೆ. ಸುಮಾರು 10,000 ಚದರ ಕಿಲೋಮೀಟರ್ ಹರಡಿರುವ ಈ ಕಾಂಡ್ಲಾ ಕಾಡಿನ ಐದರಲ್ಲಿ ಮೂರು ಪಾಲು ಬಾಂಗ್ಲಾದೇಶದಲ್ಲಿದ್ದು, ಉಳಿದದ್ದು ಪಶ್ಚಿಮ ಬಂಗಾಳದಲ್ಲಿದೆ. ಅದರ ಸಂರಕ್ಷಣೆಗೆಂದು 2011ರ ಸೆಪ್ಟೆಂಬರಿನಲ್ಲಿ ಎರಡೂ ದೇಶಗಳು ಢಾಕಾದಲ್ಲಿ ಸಹಿ ಹಾಕಿದವು. ಸಮುದ್ರ ಏರುತ್ತಿರುವ ಈ ಕಾಲದಲ್ಲಿ ಇಂಥ ಸಹಕಾರ ಕಾಗದದಾಚೆಗೂ ಕೆಲಸ ಮಾಡುತ್ತದೆಯೇ? ಮಹದಾಯಿ ನೀರಿಗಾಗಿ ಒಂದೇ ದೇಶದ ರಾಜ್ಯಗಳು ದಶಕಗಟ್ಟಲೆ ಜಗ್ಗಾಡುವುದನ್ನು ನೋಡುತ್ತ ಬೆಳೆದವಳಾದ್ದರಿಂದ ಈ ಸಂಶಯ.

ಉತ್ತರ 1 (ಹುಬ್ಬಳ್ಳಿಯಿಂದ):
ಮುನ್ಸೂಚನೆಯ ಮಟ್ಟಿಗೆ ನಿಸ್ಸಂದೇಹವಾಗಿ ಕೆಲಸ ಮಾಡಿದೆ. ಬಂಗಾಳ ಕೊಲ್ಲಿ ಮತ್ತು ಅರಬ್ಬೀ ಸಮುದ್ರದ ಚಂಡಮಾರುತಗಳ ಕುರಿತು ನಮ್ಮ ಹವಾಮಾನ ಇಲಾಖೆಯ ದೆಹಲಿ ಕೇಂದ್ರವು ಸುತ್ತಲಿನ ದೇಶಗಳಿಗೆ ಸೂಚನೆ ನೀಡುತ್ತದೆ. ಭಾರತ, ಪಾಕಿಸ್ತಾನ ಸೇರಿ 13 ದೇಶಗಳು ಕೊಟ್ಟ ಹೆಸರುಗಳನ್ನೇ ಸರದಿಯಂತೆ ಇಡಲಾಗುತ್ತದೆ. 2021ರ ಮೇ ತಿಂಗಳಲ್ಲಿ ನಮ್ಮ ಕರಾವಳಿಯನ್ನು ಕಾಡಿದ ‘ತೌಕ್ತೆ’ ಮ್ಯಾನ್ಮಾರ್ ಕೊಟ್ಟ ಹೆಸರು. 1970ರ ಭೋಲಾ ಚಂಡಮಾರುತದಲ್ಲಿ 3 ಲಕ್ಷಕ್ಕೂ ಹೆಚ್ಚು ಜನ ಸತ್ತ ತೀರದಲ್ಲಿ, 2007ರ ಸಿದ್ರ್ ಹೊತ್ತಿಗೆ ಸಾವಿನ ಸಂಖ್ಯೆ ಸುಮಾರು 3,400ಕ್ಕೆ ಇಳಿದಿತ್ತು. ಆದರೆ ಇದರ ಶ್ರೇಯಸ್ಸಿನ ದೊಡ್ಡ ಪಾಲು ಬಾಂಗ್ಲಾದೇಶದ ಆಶ್ರಯ ಕಟ್ಟಡಗಳಿಗೂ, 1972ರಿಂದ ಅಲ್ಲಿ ಕಟ್ಟಿದ ಸ್ವಯಂಸೇವಕರ ಪಡೆಗೂ ಸಲ್ಲಬೇಕು.

ಉತ್ತರ 2 (ಮುಂಡರಗಿಯಿಂದ):
ಮೇಲಿನ ಉತ್ತರ ಸರಿಯಾಗಿದ್ದರೂ ಅದು ಸುಲಭದ ಅರ್ಧವನ್ನಷ್ಟೇ ಹೇಳುತ್ತದೆ, ಏಕೆಂದರೆ ಸುದ್ದಿಯನ್ನು ಹಂಚಿಕೊಂಡರೆ ಯಾರ ಪಾಲೂ ಕಡಿಮೆಯಾಗುವುದಿಲ್ಲ. ಕಷ್ಟವಿರುವುದು ಹೂಳಿನಲ್ಲಿ. ನದಿ ತಂದು ಹಾಕುವ ಹೂಳಿನಿಂದಲೇ ಮುಖಜಭೂಮಿ ಬೆಳೆಯುತ್ತದೆ. ಅದು ನಿಂತರೆ ನೆಲ ತನ್ನಷ್ಟಕ್ಕೆ ಕುಸಿಯುತ್ತ, ಏರುವ ಸಮುದ್ರಕ್ಕೆ ಇನ್ನಷ್ಟು ಬೇಗ ಸಿಗುತ್ತದೆ. ತುಂಗಭದ್ರೆಯ ದಂಡೆಯ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: 133 ಟಿಎಂಸಿಯ ಜಲಾಶಯ ಹೂಳು ತುಂಬಿ 105ರ ಆಸುಪಾಸಿಗೆ ಇಳಿದಿದೆ. ನಾವು ನಷ್ಟವಾದ ನೀರನ್ನು ಮಾತ್ರ ಎಣಿಸುತ್ತೇವೆ, ಆ ಮಣ್ಣು ಕೃಷ್ಣಾ ಮುಖಜಭೂಮಿಗೆ ತಲುಪಲಿಲ್ಲವೆಂದು ಯಾರೂ ಕೊರಗುವುದಿಲ್ಲ (ನಾನೂ ಕೊರಗಿದವನಲ್ಲ).

ಗಂಗೆಯ ಕಥೆಯೂ ಹೀಗೆಯೇ. 1975ರಲ್ಲಿ ಆರಂಭವಾದ ಫರಕ್ಕಾ ಬ್ಯಾರೇಜು ಕೋಲ್ಕತ್ತ ಬಂದರಿನ ಹೂಳು ತೊಳೆಯಲೆಂದು ನೀರನ್ನು ಹೂಗ್ಲಿಗೆ ತಿರುಗಿಸಿತು. ಬೇಸಿಗೆಯಲ್ಲಿ ಬಾಂಗ್ಲಾದೇಶದ ನೈರುತ್ಯ ಭಾಗಕ್ಕೆ ಸಿಹಿನೀರು ಕಡಿಮೆಯಾಗಿ ಉಪ್ಪು ಒಳನುಗ್ಗಿತು. 1996ರ ಡಿಸೆಂಬರಿನ ಗಂಗಾ ಒಪ್ಪಂದ ಜನವರಿ 1ರಿಂದ ಮೇ 31ರವರೆಗಿನ ಹರಿವನ್ನು ಹತ್ತು ಹತ್ತು ದಿನಗಳ ಲೆಕ್ಕದಲ್ಲಿ ಹಂಚುತ್ತದೆ. ಹೂಳು ಬರುವುದಾದರೋ ಬಹುಪಾಲು ಮಳೆಗಾಲದಲ್ಲಿ. ಕಾಡನ್ನು ಕಾಯಲು ಒಂದು ಕಾಗದ, ನೀರನ್ನು ಹಂಚಲು ಇನ್ನೊಂದು. ಕಾಡು ನಿಂತ ನೆಲದ ಮಣ್ಣನ್ನು ಹಂಚುವ ಲೆಕ್ಕ ಆ ನೀರಿನ ಕೋಷ್ಟಕದಲ್ಲಿಲ್ಲ.

ಉತ್ತರ 3 (ಹಾವೇರಿಯಿಂದ):
ಹೋಲಿಕೆಗೆ ಯುರೋಪಿನ ವಾಡನ್ ಸಮುದ್ರವನ್ನೂ (ಉತ್ತರ ಸಮುದ್ರದ ಅಂಚಿನಲ್ಲಿ ಉಬ್ಬರವಿಳಿತಕ್ಕೆ ಸಿಗುವ ಕೆಸರು ಬಯಲು) ನೋಡಿರಿ. ಡೆನ್ಮಾರ್ಕ್, ಜರ್ಮನಿ, ನೆದರ್ಲೆಂಡ್ಸ್ 1978ರಿಂದ ಅದನ್ನು ಒಟ್ಟಾಗಿ ಕಾಯುತ್ತಿವೆ. 1987ರಿಂದ ಜಂಟಿ ಕಾರ್ಯಾಲಯವೂ ಇದೆ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. 30 ವರ್ಷಗಳ ಗಂಗಾ ಒಪ್ಪಂದದ ಅವಧಿ 2026ರ ಡಿಸೆಂಬರಿನವರೆಗೆ ಇರುವುದರಿಂದ, ಮುಂದಿನ ಒಪ್ಪಂದದಲ್ಲಿ ಮಳೆಗಾಲದ ಹೂಳನ್ನು ಎಲ್ಲಿ, ಯಾರು ಅಳೆಯಬೇಕು ಎಂಬುದನ್ನೇ ಪ್ರಬಂಧದ ವಿಷಯವಾಗಿ ಬದಲಿಸಿಕೊಳ್ಳುತ್ತೇನೆ.