ಪೆಪೆ ಲೆ ಪ್ಯೂ, ನಮ್ಮ ಹಿತ್ತಲಿನ ಸ್ಕಂಕ್, ಮಗಳ ‘ಬೇಡ’

ಪೆಪೆ ಲೆ ಪ್ಯೂ ಕಾರ್ಟೂನನ್ನು ಮಕ್ಕಳಿಗೆ ತೋರಿಸಬಹುದಾ ಅಂತ ಮೊನ್ನೆ ಇಲ್ಲಿ ಒಬ್ಬರು ಕೇಳಿದ್ದರು. ನಮ್ಮ ಮನೆಯಲ್ಲಿ ಆದದ್ದನ್ನು ಹೇಳುತ್ತೇನೆ.

ನೋಡದವರಿಗಾಗಿ ಎರಡು ಮಾತು. ಪೆಪೆ ಲೂನಿ ಟ್ಯೂನ್ಸ್ ಅನ್ನುವ ಅಮೆರಿಕದ ಕಾರ್ಟೂನ್ ಸರಣಿಯ ಸ್ಕಂಕ್. ಸ್ಕಂಕ್ ಅಂದರೆ ಬೆನ್ನ ಮೇಲೆ ಬಿಳಿ ಪಟ್ಟೆಯಿರುವ, ಕೆಟ್ಟ ವಾಸನೆಗೆ ಹೆಸರಾದ ಕಪ್ಪು ಪ್ರಾಣಿ. ನಿರ್ದೇಶಕ ಚಕ್ ಜೋನ್ಸ್ 1945ರಲ್ಲಿ ತೆರೆಗೆ ತಂದ ಪಾತ್ರ. ಫ್ರೆಂಚ್ ಧಾಟಿಯಲ್ಲಿ ಮಾತಾಡುತ್ತಾನೆ, ತನ್ನಂಥ ಪ್ರೇಮಿ ಇನ್ನೊಬ್ಬನಿಲ್ಲ ಅನ್ನುವ ನಂಬಿಕೆ. ಒಂದು ಕಪ್ಪು ಬೆಕ್ಕಿನ ಬೆನ್ನ ಮೇಲೆ ಬಿಳಿ ಬಣ್ಣದ ಪಟ್ಟೆ ಬೀಳುತ್ತದೆ. ಅದನ್ನು ಹೆಣ್ಣು ಸ್ಕಂಕ್ ಅಂದುಕೊಂಡು ಹಿಂದೆ ಬೀಳುತ್ತಾನೆ. ತಬ್ಬುತ್ತಾನೆ, ಮುತ್ತಿಡುತ್ತಾನೆ. ಬೆಕ್ಕು ಒದ್ದಾಡಿ, ಬಿಡಿಸಿಕೊಂಡು ಓಡುತ್ತದೆ. ಅವನು ಬಿಡುವುದಿಲ್ಲ. 2021ರಲ್ಲಿ ಈ ನಡತೆಯ ಬಗ್ಗೆ ಅಮೆರಿಕದಲ್ಲಿ ದೊಡ್ಡ ಚರ್ಚೆಯೇ ಆಯಿತು.

1949ರ ಒಂದು ಕಂತಿಗೆ ಆಸ್ಕರ್ ಬಂದಿದೆ. ಅದನ್ನೇ ಐದು ವರ್ಷದ ಮಗಳ ಜೊತೆ ಕೂತು ನೋಡಿದೆ. ಪ್ಯಾರಿಸ್ಸಿನ ಸೆಂಟಿನ ಅಂಗಡಿಯಲ್ಲಿ ನಡೆಯುವ ಕಥೆ. ಮೊದಮೊದಲು ನಕ್ಕಳು. ಆಮೇಲೆ ನಗು ನಿಂತಿತು. “ಅಮ್ಮಾ, ಬೆಕ್ಕಿಗೆ ಬೇಡ ಅಲ್ವಾ? ಅವನಿಗೆ ಯಾಕೆ ಗೊತ್ತಾಗ್ತಿಲ್ಲ?” ಅಂದಳು. ಕೊನೆಯಲ್ಲಿ ನೆಗಡಿಯಾಗಿ ಮೂಗು ಕಟ್ಟಿದ ಬೆಕ್ಕೇ ಅವನ ಹಿಂದೆ ಬೀಳುತ್ತದೆ. ಈಗ ಓಡುವ ಸರದಿ ಅವನದು. “ಈಗ ಅವನಿಗೂ ಹೆದರಿಕೆ” ಅಂದಳು. ನಾನು ಏನೂ ಹೇಳಿಕೊಟ್ಟಿರಲಿಲ್ಲ. ಅದಕ್ಕೇ ನನ್ನ ಉತ್ತರ: ತೋರಿಸಿ, ಆದರೆ ಪಕ್ಕದಲ್ಲೇ ಕೂತಿರಿ. ಟ್ಯಾಬ್ ಕೈಗೆ ಕೊಟ್ಟು ಅಡುಗೆಮನೆಗೆ ಹೋಗಬೇಡಿ.

ಇನ್ನೊಂದು ವಿಷಯ. ನಾವಿರುವುದು ಕೆನಡಾದ ಒಂಟಾರಿಯೋದಲ್ಲಿ. ಬೇಸಿಗೆಯ ರಾತ್ರಿ ಹಿತ್ತಲಿಗೆ ನಿಜವಾದ ಸ್ಕಂಕ್ ಬರುತ್ತದೆ. ಅದು ಪೆಪೆಯ ಹಾಗೆ ಅಲ್ಲವೇ ಅಲ್ಲ. ಯಾರ ಮೇಲೂ ಬೀಳುವುದಿಲ್ಲ. ನಾವು ಹತ್ತಿರ ಹೋದರೆ ಮುಂಗಾಲನ್ನು ನೆಲಕ್ಕೆ ದಪದಪ ಬಡಿಯುತ್ತದೆ, ಬಾಲ ಎತ್ತುತ್ತದೆ. ಹತ್ರ ಬರಬೇಡ ಅನ್ನುವುದು ಅದರ ಅರ್ಥ. ಅಷ್ಟಕ್ಕೂ ಕೇಳದಿದ್ದರೆ ಮಾತ್ರ ನಾರುವ ದ್ರವ ಚಿಮ್ಮಿಸುತ್ತದೆ, ಮೂರು ಮೀಟರ್ ದೂರಕ್ಕೂ. ಕಿಟಕಿಯಿಂದ ಇದನ್ನು ನೋಡಿದ ಮೇಲೆ ಮಗಳಿಗೆ ಕಾಲು ಬಡಿಯುವುದೇ ಒಂದು ಆಟವಾಯಿತು.

ಕಳೆದ ಡಿಸೆಂಬರಿನಲ್ಲಿ ಮೈಸೂರಿಗೆ ಹೋಗಿದ್ದೆವು. ನಮ್ಮ ಯಜಮಾನರ ಚಿಕ್ಕಪ್ಪ ಬಂದವರೇ ಅವಳನ್ನು ತೊಡೆ ಮೇಲೆ ಎಳೆದುಕೊಂಡು ಕೆನ್ನೆ ಹಿಂಡಿದರು. ಪ್ರೀತಿಯೇ, ಅದರಲ್ಲಿ ಎರಡು ಮಾತಿಲ್ಲ. ಅವಳು ಕೊಸರಿಕೊಂಡಳು. ನಾನು ಅಭ್ಯಾಸಬಲದಿಂದ “ತಾತ ಅಲ್ವಾ ಪುಟ್ಟಿ, ಒಂದು ಮುತ್ತು ಕೊಡು” ಅಂದುಬಿಟ್ಟೆ. ಅವಳು ಕೆಳಗಿಳಿದು ನನ್ನ ಮುಖ ನೋಡಿದಳು. ಆಮೇಲೆ ನಡುಮನೆಯಲ್ಲಿ ನಿಂತು ಎರಡೂ ಕಾಲು ಬಡಿದಳು.

ಎಲ್ಲರೂ ಹಟ ಅಂದುಕೊಂಡರು. ನನಗೊಬ್ಬಳಿಗೇ ಅರ್ಥವಾಯಿತು. ಕಾರ್ಟೂನ್ ಬೆಕ್ಕಿನ ‘ಬೇಡ’ ಅವಳಿಗೆ ಗೊತ್ತಾಗಿತ್ತು. ಅವಳ ‘ಬೇಡ’ ನನಗೇ ಗೊತ್ತಾಗಲಿಲ್ಲವಲ್ಲ ಅಂತ ತುಂಬಾ ಸಂಕಟವಾಯಿತು. “ಚಿಕ್ಕಮಾವ, ಅವಳಿಗೆ ಈಗ ಬೇಡವಂತೆ, ನಮಸ್ಕಾರ ಮಾಡ್ತಾಳೆ” ಅಂದೆ. ಅವರು ಸುಮ್ಮನಾದರು. ಸ್ವಲ್ಪ ಬೇಜಾರಾಯಿತು ಅಂತ ಕಾಣುತ್ತದೆ.

ಈ ಬೇಸಿಗೆಗೆ ಮತ್ತೆ ಊರಿಗೆ ಹೊರಟಿದ್ದೇವೆ. ಹಿರಿಯರ ಮನಸ್ಸಿಗೆ ನೋವಾಗದ ಹಾಗೆ ಇದನ್ನು ಮೊದಲೇ ಹೇಗೆ ಹೇಳೋದು? ನೀವು ಯಾವ ಮಾತಿನಲ್ಲಿ ಹೇಳಿದಿರಿ, ದಯವಿಟ್ಟು ಬರೆಯಿರಿ.