‘ಡೌನ್’ ಅಂದರೆ ಕೆಳಗೆ, ‘ಡೌನ್ಸ್’ ಅಂದರೆ ಗುಡ್ಡ: ಪದಕೋಶದಲ್ಲಿ ಎಷ್ಟು ನಮೂದು ಹಾಕಬೇಕು?

ಪದಬುತ್ತಿ ಕೇಳಿದ್ದು:

ಶಾಲಾ ಮಕ್ಕಳ ಇಂಗ್ಲಿಷ್–ಕನ್ನಡ ಪದಕೋಶಕ್ಕೆ ‘ಡೌನ್’ ನಮೂದು ಸಿದ್ಧವಾಗಬೇಕು. ‘ಕೆಳಗೆ’ ಅಂತ ಬರೆಯುವವರೆಗೆ ಸಲೀಸು, ಆಮೇಲೆ ಗಂಟು. ಇಂಗ್ಲೆಂಡಿನ ಸೌತ್ ಡೌನ್ಸ್ ಅನ್ನುವುದು ಬೆಟ್ಟಸಾಲು. ಡೌನ್ ಜಾಕೆಟ್ ಅಂದರೆ ಹಕ್ಕಿಪುಕ್ಕ ತುಂಬಿದ್ದು. ರೈಲಿನವರ ಅಪ್–ಡೌನ್‌ಗೂ ಏರು–ತಗ್ಗಿಗೂ ತಾಳೆಯಾಗುವುದಿಲ್ಲ. ಗೋಡೌನ್ ಬೇರೆ ಇದೆ. ಬ್ರೇಕ್ ಡೌನ್, ಟರ್ನ್ ಡೌನ್ ಥರದವಂತೂ ಲೆಕ್ಕವಿಲ್ಲ. ಇವುಗಳಲ್ಲಿ ಒಂದೇ ಪದದ ಕವಲುಗಳು ಯಾವುವು, ಕಾಗುಣಿತ ಮಾತ್ರ ಒಂದಾಗಿರುವ ಬೇರೆ ಪದಗಳು ಯಾವುವು? ನಮೂದು ಒಂದು ಸಾಕೋ, ಮೂರೋ, ಐದೋ?

ಹಳೇಕಾಗುಣಿತ:

ಮೂರು. ಗುಡ್ಡದಿಂದಲೇ ಶುರು ಮಾಡಿ, ಏಕೆಂದರೆ ‘ಕೆಳಗೆ’ ಹುಟ್ಟಿದ್ದೇ ಅಲ್ಲಿ.

ಹಳೆಯ ಇಂಗ್ಲಿಷಿನಲ್ಲಿ ‘ಡೂನ್’ ಅಂದರೆ ಗುಡ್ಡ. ‘ಆಫ್ ಡೂನೆ’ ಅಂದರೆ ‘ಗುಡ್ಡದಿಂದ’. ಆಗಿನ ‘ಆಫ್’ ನಮ್ಮ ‘ಇಂದ’ ಪ್ರತ್ಯಯದ ಕೆಲಸ ಮಾಡುತ್ತಿತ್ತು. ಗುಡ್ಡದಿಂದ ಬರುವವನು ಇಳಿದೇ ಬರಬೇಕಲ್ಲ, ಹಾಗಾಗಿ ಇಡೀ ಪದಪುಂಜಕ್ಕೆ ‘ಕೆಳಕ್ಕೆ’ ಅನ್ನುವ ಅರ್ಥ ಕೂತಿತು. ಬಾಯಲ್ಲಿ ಸವೆದು ‘ಅಡೂನೆ’ ಆಯಿತು. ಆಮೇಲೆ, ನಾವು ‘ಅಲ್ವಾ’ ಅನ್ನುವುದನ್ನು ‘ಲ್ವಾ’ ಮಾಡುವ ಹಾಗೆ, ಮೊದಲಿನ ಅಕಾರವೂ ಬಿತ್ತು. ಉಳಿದದ್ದು ಬರೀ ‘ಡೂನ್’, ಅಂದರೆ ಗುಡ್ಡ! ‘ಇಂದ’ ಕಳೆದುಹೋಗಿ ‘ಗುಡ್ಡ’ವೇ ‘ಕೆಳಗೆ’ ಅಂತ ನಿಂತುಬಿಟ್ಟಿತು. ‘ಅಡೌನ್’ ಅನ್ನುವ ಅರೆಸವೆದ ರೂಪ ಹಳೆಯ ಕವಿತೆಗಳಲ್ಲಿ ಈಗಲೂ ಸಿಗುತ್ತದೆ.

‘ಡೂನ್’ ‘ಡೌನ್’ ಆದದ್ದು ಸುಮಾರು 1400ರಿಂದ 1700ರ ನಡುವೆ ಇಂಗ್ಲಿಷಿನ ದೀರ್ಘಸ್ವರಗಳೆಲ್ಲ ಜಾಗ ಬದಲಿಸಿದಾಗ. ಅದೇ ಅಲೆಯಲ್ಲಿ ಮೂಸ್ ಮೌಸ್ ಆಯಿತು, ಟೂನ್ ಟೌನ್ ಆಯಿತು, ಹೂಸ್ (ನಗಬೇಡಿ) ಹೌಸ್ ಆಯಿತು.

ಗುಡ್ಡ ಅನ್ನುವ ಮೂಲ ಅರ್ಥ ಸತ್ತಿಲ್ಲ, ‘ಡೌನ್ಸ್’ ಅನ್ನುವ ಬಹುವಚನದಲ್ಲಿ ಉಳಿದಿದೆ. ಆದರೆ ಎಲ್ಲ ಗುಡ್ಡಕ್ಕೂ ಆ ಹೆಸರಿಲ್ಲ. ಮರ ಕಡಿಮೆ, ಗಿಡ್ಡ ಹುಲ್ಲು, ಅಲೆಅಲೆಯಾಗಿ ಸಾಗುವ ಬೋಳುಗುಡ್ಡ. ಇಂಗ್ಲೆಂಡಿನ ದಕ್ಷಿಣದಲ್ಲಾದರೆ ಅಡಿಯಲ್ಲಿ ಸೀಮೆಸುಣ್ಣದ ಬಿಳಿ ಕಲ್ಲು. ಸೌತ್ ಡೌನ್ಸ್‌ನ ಡಿಚ್ಲಿಂಗ್ ಬೀಕನ್ ಬರೀ 248 ಮೀಟರ್. ನಮ್ಮ ಲೆಕ್ಕದಲ್ಲಿ ಅದು ಬೆಟ್ಟವೇ ಅಲ್ಲ, ದಿಣ್ಣೆ. ಊಟಿಗೆ ಹೋದವರು ವೆನ್‌ಲಾಕ್ ಡೌನ್ಸ್ ನೋಡಿರುತ್ತಾರೆ. ಆ ಹುಲ್ಲುಗುಡ್ಡಗಳನ್ನು ಕಂಡ ಬ್ರಿಟಿಷರಿಗೆ ಊರ ಕಡೆಯ ಡೌನ್ಸ್ ನೆನಪಾಗಿದ್ದರಲ್ಲಿ ಆಶ್ಚರ್ಯವಿಲ್ಲ. ಹೆಸರಿನ ಮೊದಲರ್ಧ ಮದ್ರಾಸಿನ ಗವರ್ನರ್ ಆಗಿದ್ದ ಲಾರ್ಡ್ ವೆನ್‌ಲಾಕ್‌ನದು.

ಇತಿಹಾಸದಲ್ಲಿ ಗುಡ್ಡವೂ ‘ಕೆಳಗೆ’ಯೂ ಒಂದೇ ಬೇರಿನವು. ಆದರೂ ಈಗಿನ ಓದುಗನಿಗೆ ಎರಡೂ ಬೇರೆ ಪದಗಳು, ಆದ್ದರಿಂದ ಬೇರೆ ನಮೂದು ಕೊಡಿ. ಪುಕ್ಕದ ಡೌನ್ ಮಾತ್ರ ಹುಟ್ಟಿನಲ್ಲೇ ಬೇರೆ.

ನಕಾಶೆಪ್ರಿಯ:

ಹಾಗಾದರೆ ಇಂಗ್ಲೆಂಡಿನಲ್ಲಿ ‘ಡನ್’ ಅಂತ ಮುಗಿಯುವ ಊರುಗಳೆಲ್ಲ ಗುಡ್ಡದ ಊರುಗಳು ಅಂತಾಯಿತು! ವಿಂಬಲ್ಡನ್, ಸ್ವಿಂಡನ್, ಕ್ರಾಯ್ಡನ್, ಲಂಡನ್. ನಮ್ಮ ದೆಹರಾದೂನ್ ಕೂಡ ಇದೇ ಸಾಲಿಗೆ ಬರುತ್ತದೇನೋ.

ಹಳೇಕಾಗುಣಿತ:

ನಿಧಾನ ಸರ್. ನಿಮ್ಮ ಪಟ್ಟಿಯಲ್ಲಿ ಮೊದಲ ಎರಡು ಸರಿ. ಸ್ವಿಂಡನ್ ಅಂದರೆ ಅಕ್ಷರಶಃ ‘ಹಂದಿಗುಡ್ಡ’. ಅಬಿಂಗ್ಡನ್, ಹಂಟಿಂಗ್ಡನ್ ಸೇರಿಸಿಕೊಳ್ಳಿ. ಕ್ರಾಯ್ಡನ್ ಮಾತ್ರ ತದ್ವಿರುದ್ಧ: ಅದರ ಬಾಲ ‘ಡೆನು’, ಅಂದರೆ ಕಣಿವೆ. ಇಡೀ ಹೆಸರಿಗೆ ‘ಕೇಸರಿ ಬೆಳೆಯುವ ಕಣಿವೆ’ ಅಂತ ಅರ್ಥ. ಒತ್ತಿಲ್ಲದ ಕೊನೆಯ ಸ್ವರ ಸವೆದು ಗುಡ್ಡವೂ ಕಣಿವೆಯೂ ‘ಡನ್’ ಅಂತಲೇ ಕೇಳಿಸುತ್ತವೆ. ಅದಕ್ಕೇ ಊರಹೆಸರನ್ನು ಈಗಿನ ಉಚ್ಚಾರದಿಂದ ಒಡೆಯಬಾರದು. ದಾಖಲೆಗಳಲ್ಲಿರುವ ಅತಿ ಹಳೆಯ ಕಾಗುಣಿತ ಹುಡುಕಿ, ಅಲ್ಲಿಂದ ಕೆಳಕ್ಕೆ ಬರಬೇಕು.

ಲಂಡನ್ ಇಂಗ್ಲಿಷಿಗಿಂತ ಹಳೆಯದು. ರೋಮನರು ‘ಲೊಂಡಿನಿಯಂ’ ಅನ್ನುವಾಗ ಆ ದ್ವೀಪದಲ್ಲಿ ಇಂಗ್ಲಿಷ್ ಇರಲೇ ಇಲ್ಲ. ದೆಹರಾದೂನಿನ ‘ದೂನ್’ ತಪ್ಪಲಿನ ಕಣಿವೆ, ಅದಕ್ಕೂ ಇದಕ್ಕೂ ನಂಟಿಲ್ಲ. ಐರ್ಲೆಂಡಿನ ಕೌಂಟಿ ಡೌನ್ ಕೂಡ ಹೊರಗೆ. ಅದು ಐರಿಷ್‌ನ ‘ಡೂನ್’, ಅರ್ಥ ಕೋಟೆ. ಮರಳ ದಿಬ್ಬಕ್ಕೆ ಹೇಳುವ ‘ಡ್ಯೂನ್’ ಮಾತ್ರ ಗುಡ್ಡದ ನೆಂಟ. ಡಚ್ಚರಿಂದ ಫ್ರೆಂಚರಿಗೆ ಹೋಗಿ, ಅಲ್ಲಿಂದ ಸುತ್ತಿಬಳಸಿ ಇಂಗ್ಲಿಷಿಗೆ ಮರಳಿತು.

ಚಾರಣಿಗ:

ಪುಕ್ಕದ ವಿಷಯ. ಈ ಡೌನ್ ಬಂದದ್ದು ಉತ್ತರದ ನಾರ್ಸ್ ಜನರ ‘ಡೂನ್’ ಪದದಿಂದ. ಜರ್ಮನಿನಲ್ಲಿ ‘ಡೌನೆ’. ‘ಪುಕ್ಕ’ ಅಂತ ಅನುವಾದಿಸಿದರೆ ಅರ್ಧ ತಪ್ಪು. ಪುಕ್ಕಕ್ಕೆ ನಡುವೆ ಕಡ್ಡಿ ಇರುತ್ತದೆ, ಎಳೆಗಳು ಕೊಕ್ಕೆಗಳಿಂದ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಡೌನ್ ಅಂದರೆ ಅದರಡಿ ಮೈಗಂಟಿ ಬೆಳೆಯುವ ಮೆದುವಾದ ತುಪ್ಪಳ. ಅದರ ಎಳೆಗಳಿಗೆ ಕೊಕ್ಕೆಯಿಲ್ಲ, ಹಾಗಾಗಿ ಎಲ್ಲ ದಿಕ್ಕಿಗೂ ಕೆದರಿಕೊಂಡು ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತವೆ. ಬೆಚ್ಚಗಿಡುವುದು ಆ ಗಾಳಿ. ‘ಹಕ್ಕಿತುಪ್ಪಳ’ ಅಂದರೆ ಹತ್ತಿರ.

ಜಾಕೆಟ್ಟಿನ ಚೀಟಿಯಲ್ಲಿ ‘90/10’ ಅಂತಿದ್ದರೆ ತೂಕದಲ್ಲಿ ನೂರಕ್ಕೆ 90 ಪಾಲು ತುಪ್ಪಳ, 10 ಪಾಲು ಪುಕ್ಕ. ‘650 ಫಿಲ್’ ಅಂದರೆ ಒಂದು ಔನ್ಸ್ (28 ಗ್ರಾಂ ಚಿಲ್ಲರೆ) ತುಪ್ಪಳ 650 ಘನ ಅಂಗುಲ ಜಾಗ ತುಂಬುತ್ತದೆ ಅಂತ. ಹತ್ತು ಲೀಟರಿನ ಬಕೆಟ್ ತುಂಬಿ ಮೇಲೆ ಉಕ್ಕುವಷ್ಟು ಅಂದುಕೊಳ್ಳಿ. ಒದ್ದೆಯಾದರೆ ಎಳೆಗಳು ಅಂಟಿ ಉಂಡೆಕಟ್ಟುತ್ತವೆ, ಗಾಳಿ ನಿಲ್ಲಲು ಜಾಗವಿಲ್ಲ, ಜಾಕೆಟ್ ಮೈಮೇಲಿದ್ದೂ ಚಳಿ. ಒಗೆದ ಮೇಲೆ ಉಂಡೆಗಳನ್ನು ಬೆರಳಿನಿಂದ ಬಿಡಿಸುತ್ತಾ ಪೂರ್ತಿ ಒಣಗಿಸಬೇಕು.

ಸಿಗ್ನಲ್‌ಕಂಬ:

ರೈಲಿನ ಅಪ್–ಡೌನ್ ಮೊದಲ ನಮೂದಿನದೇ ಕವಲು, ಆದರೆ ಎತ್ತರ ಮರೆತುಬಿಡಿ. ಬ್ರಿಟನ್ನಿನಲ್ಲಿ ಲಂಡನ್ ಕಡೆ ಹೋಗುವುದು ಅಪ್, ಲಂಡನ್ ಬಿಟ್ಟು ಹೋಗುವುದು ಡೌನ್. ಮಾನ್ಯತೆಯ ಜಾಗ ‘ಮೇಲೆ’. ಆಕ್ಸ್‌ಫರ್ಡಿಗೆ ಓದಲು ‘ಅಪ್’ ಹೋಗಿ, ಹೊರಹಾಕಿಸಿಕೊಂಡವನು ‘ಸೆಂಟ್ ಡೌನ್’ ಆಗುವುದೂ ಇದೇ ಲೆಕ್ಕ.

ಭಾರತದಲ್ಲಿ ಇದನ್ನು ಕಣ್ಣುಮುಚ್ಚಿ ಅನ್ವಯಿಸಿದರೆ ಕೆಡುತ್ತದೆ. ಮುಂಬೈ ಲೋಕಲ್‌ನಲ್ಲಿ ಚರ್ಚ್‌ಗೇಟ್ ಅಥವಾ ಸಿಎಸ್‌ಎಂಟಿ ಕಡೆ ಹೋಗುವುದು ಅಪ್. ಹೌರಾ, ಸಿಯಾಲ್ದಾದಲ್ಲಿ ಉಲ್ಟಾ: ಊರೊಳಕ್ಕೆ ಬರುವುದೇ ಡೌನ್. ಆದ್ದರಿಂದ ಪದಕೋಶದಲ್ಲಿ ‘ರಾಜಧಾನಿಯಿಂದ ದೂರ ಹೋಗುವ ರೈಲು’ ಅಂತ ಬರೆಯಬೇಡಿ. ‘ಒಂದು ಮಾರ್ಗಕ್ಕೆ ಗೊತ್ತುಮಾಡಿದ ಎರಡು ದಿಕ್ಕುಗಳಲ್ಲಿ ಒಂದು’ ಅನ್ನಿ ಸಾಕು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಘಾಟಿಯಲ್ಲಿ 50ಕ್ಕೆ 1ರಂತೆ ನೆಲ ಇಳಿಯುತ್ತದೆ. ಆ ಇಳಿಜಾರಿಗೂ ವೇಳಾಪಟ್ಟಿಯ ಡೌನ್‌ಗೂ ಸಂಬಂಧ ಕಟ್ಟಬಾರದು.

ಹಡಗಿನವರದು ಇನ್ನೊಂದು. ಅಮೆರಿಕದ ಮೇನ್ ಕರಾವಳಿಗೆ ‘ಡೌನ್ ಈಸ್ಟ್’ ಅನ್ನುತ್ತಾರೆ. ನಕಾಶೆಯಲ್ಲಿ ಅದು ಬಾಸ್ಟನ್ನಿಗಿಂತ ಮೇಲೆ, ಈಶಾನ್ಯಕ್ಕಿದೆ. ಆದರೆ ನೈಋತ್ಯದ ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ಹಾಯಿಹಡಗು ಹೋಗುತ್ತಿದ್ದದ್ದು ಆ ಕಡೆಗೆ. ಗಾಳಿ ಹೋಗುವ ದಿಕ್ಕು ನಾವಿಕನಿಗೆ ‘ಕೆಳಗೆ’.

ಮಂಡಿಪೇಟೆ:

ಗೋಡೌನನ್ನು ಈ ನಮೂದಿನಿಂದ ದಯವಿಟ್ಟು ಹೊರಗಿಡಿ. ‘ಸರಕು ಕೆಳಗೆ ಹೋಗುವ ಜಾಗ, ಅದಕ್ಕೇ ಗೋ–ಡೌನ್’ ಅನ್ನುವುದು ಕಿವಿಗೆ ಹೊಂದಿಸಿಕೊಂಡ ಕತೆ. 1886ರಲ್ಲಿ ಬಂದ ಹಾಬ್ಸನ್–ಜಾಬ್ಸನ್ ಕೋಶ ಮಲಯದ ‘ಗಡಾಂಗ್’ ತೋರಿಸಿ, ಅದರ ಹಿಂದೆ ತೆಲುಗಿನ ‘ಗಿಡ್ಡಂಗಿ’, ತಮಿಳಿನ ‘ಕಿಡಂಗು’ ಇವೆ ಅನ್ನುತ್ತದೆ. ತಮಿಳಿನ ‘ಕಿಡ’ ಅಂದರೆ ಬಿದ್ದಿರು, ಮಲಗಿರು. ಸರಕು ಬಿದ್ದಿರುವ ಜಾಗ ಕಿಡಂಗು. ಹಳಗನ್ನಡದ ‘ಕೆಡೆ’ (ಬೀಳು) ನೆನಪಾದರೆ ತಪ್ಪೇನಿಲ್ಲ. ದಕ್ಷಿಣದ ಪದ ಹಡಗು ಹತ್ತಿ ಮಲಯಕ್ಕೆ ಹೋಗಿ, ಬಿಳಿಯರ ಬಾಯಲ್ಲಿ ಕೋಟು ತೊಟ್ಟು, ಎಪಿಎಂಸಿ ಯಾರ್ಡಿನ ಬೋರ್ಡಿಗೆ ‘ಗೋಡೌನ್ ನಂ. 4’ ಆಗಿ ವಾಪಸಾಗಿದೆ.

ಅನುವಾದಕಿ_ಮೈಸೂರು:

ಮಕ್ಕಳಿಗೆ ನಿಜವಾಗಿ ತೊಡಕಾಗುವುದು ಕ್ರಿಯಾಪದದ ಬಾಲವಾಗಿ ಬರುವ ಡೌನ್. ಅಲ್ಲಿ ‘ಕೆಳಗೆ’ ಹುಡುಕುತ್ತಾ ಕೂತರೆ ವಾಕ್ಯ ಕೆಡುತ್ತದೆ. ನಮ್ಮಲ್ಲಿ ‘ಬಿಡು, ಹೋಗು, ಹಾಕು, ಕೊಳ್ಳು’ ಮಾಡುವ ಕೆಲಸವನ್ನೇ ಅಲ್ಲಿ ಡೌನ್ ಮಾಡುತ್ತದೆ. ‘ಬರ್ನ್ ಡೌನ್’ ಸುಟ್ಟುಹೋಗು, ‘ರೈಟ್ ಡೌನ್’ ಬರೆದುಕೋ, ‘ಸಿಟ್ ಡೌನ್’ ಕೂತ್ಕೋ. ಮೊದಲು ‘ಹೋಗು’ ಅಥವಾ ‘ಕೊಳ್ಳು’ ಹಾಕಿ ನೋಡಿ, ಹೊಂದದಿದ್ದರೆ ಮಾತ್ರ ಬೇರೆ ಪದ.

ಬ್ರೇಕ್ ಡೌನ್‌ಗೆ ಮೂರು ಅರ್ಥ ಬಿಡಿಸಿಯೇ ಕೊಡಬೇಕು. ಬಸ್ಸಾದರೆ ‘ಕೆಟ್ಟು ನಿಂತಿತು’. ಮನುಷ್ಯನಾದರೆ ‘ದುಃಖ ತಡೆಯದೆ ಅತ್ತುಬಿಟ್ಟ’. ಖರ್ಚಿನ ಬ್ರೇಕ್ ಡೌನ್ ಆದರೆ ‘ಬಾಬ್ತುವಾರು ವಿವರ’. ಯಂತ್ರಕ್ಕೆ ಬಿಟ್ಟರೆ ಇದು ‘ವೆಚ್ಚದ ಕುಸಿತ’ ಆಗಿ, ಲೆಕ್ಕ ಕೇಳಿದವನಿಗೆ ಉಳಿತಾಯ ಆಯಿತು ಅಂತ ಉತ್ತರ ಹೋಗುತ್ತದೆ. ‘ಟರ್ನ್ ಡೌನ್’ ರೇಡಿಯೊಗೆ ‘ತಗ್ಗಿಸು’, ಮದುವೆ ಸಂಬಂಧಕ್ಕೆ ‘ಒಲ್ಲೆ ಅನ್ನು’. ‘ಲೆಟ್ ಡೌನ್’ ಅಂದರೆ ಕೈಕೊಡು. ‘ಡೌನ್ ವಿತ್’ ಪಕ್ಕದಲ್ಲಿ ಜ್ವರ ಇದ್ದರೆ ‘ಮಲಗಿದ್ದಾನೆ’, ರಾಜನಿದ್ದರೆ ‘ಧಿಕ್ಕಾರ’.

ಡೌನ್ ಪೇಮೆಂಟ್‌ಗೆ ‘ಅಡ್ವಾನ್ಸ್’ ಬೇಡ. ನಮ್ಮಲ್ಲಿ ಮನೆ ಬಾಡಿಗೆಯ ಅಡ್ವಾನ್ಸ್ ಮನೆ ಬಿಡುವಾಗ ವಾಪಸ್ ಬರಬೇಕಾದ ಠೇವಣಿ. ಡೌನ್ ಪೇಮೆಂಟ್ ಬೆಲೆಯದೇ ಮೊದಲ ಪಾಲು, ಮೇಜಿನ ಮೇಲೆ ಇಟ್ಟ ದುಡ್ಡು. ‘ಆರಂಭದ ಕಂತು’ ಅನ್ನಿ.

‘ಅಪ್‌ಸೈಡ್ ಡೌನ್’ ಮಧ್ಯಕಾಲದ ಇಂಗ್ಲಿಷಿನಲ್ಲಿ ‘ಅಪ್ ಸೊ ಡೌನ್’ ಆಗಿತ್ತು, ‘ಮೇಲಿನದು ಕೆಳಗಿನಂತೆ’ ಅಂತ. ಮಧ್ಯದ ‘ಸೊ’ ಏನೆಂದು ಜನಕ್ಕೆ ಮರೆತಾಗ ‘ಸೈಡ್’ ತುರುಕಿದರು. ಕನ್ನಡಕ್ಕೆ ಇಲ್ಲಿ ಶ್ರೀಮಂತಿಕೆ: ತಲೆಯಿಂದ ನೋಡಿದರೆ ‘ತಲೆಕೆಳಗು’, ಬೇರಿನಿಂದ ನೋಡಿದರೆ ‘ಬುಡಮೇಲು’. ಚಿತ್ರಪಟ ತಲೆಕೆಳಗಾಗುತ್ತದೆ, ಸರ್ಕಾರ ಬುಡಮೇಲಾಗುತ್ತದೆ. ಅದಲುಬದಲು ಮಾಡಿದರೆ ಕಿವಿಗೆ ಚುಚ್ಚುತ್ತದೆ.

ಕಾಂಪೌಂಡರ್:

ಒಂದೇ ಮಾತು. ಡೌನ್ ಸಿಂಡ್ರೋಮ್‌ನ ಡೌನ್ ‘ಕೆಳಗೆ’ ಅಲ್ಲ. 1866ರಲ್ಲಿ ಅದನ್ನು ವಿವರಿಸಿದ ಬ್ರಿಟಿಷ್ ವೈದ್ಯ ಜಾನ್ ಲ್ಯಾಂಗ್‌ಡನ್ ಡೌನ್ ಅವರ ಮನೆತನದ ಹೆಸರು. ಕಾರಣ 21ನೇ ಕ್ರೋಮೋಸೋಮ್ ಎರಡರ ಬದಲು ಮೂರಿರುವುದು; ಇದು ಗೊತ್ತಾದದ್ದು 1959ರಲ್ಲಿ. ಮಾರ್ಚ್ 21ರಂದು ದಿನಾಚರಣೆ ಇಟ್ಟಿರುವುದೂ ಇದಕ್ಕೇ: ಮೂರನೇ ತಿಂಗಳು, ಇಪ್ಪತ್ತೊಂದು. ‘ಮಟ್ಟ ಕೆಳಗಿರುವುದು’ ಅನ್ನುವ ಅರ್ಥ ಮಕ್ಕಳ ಪದಕೋಶದಲ್ಲಿ ಸುಳಿಯಲೂ ಬಾರದು.

ನಕಾಶೆಪ್ರಿಯ:

ಕ್ರಾಯ್ಡನ್ ತಪ್ಪು ಒಪ್ಪಿಕೊಂಡೆ. ನೆಲದ ಇಳಿಜಾರು ಪದವಾಗುವುದು ನಮ್ಮ ನೆರೆಯಲ್ಲೂ ಇದೆಯಲ್ಲ. ತಮಿಳಿನಲ್ಲಿ ಮೂಡಣಕ್ಕೆ ‘ಕಿಳಕ್ಕು’, ಬೇರು ‘ಕೀಳ್’, ನಮ್ಮ ‘ಕೆಳ’. ಪಡುವಣಕ್ಕೆ ‘ಮೇರ್ಕು’, ಬೇರು ‘ಮೇಲ್’. ಘಟ್ಟ ಪಡುವಣಕ್ಕೆ, ಕಡಲು ಮೂಡಣಕ್ಕೆ ಇರುವ ನಾಡಿಗೆ ಸರಿಯಾದ ಹೆಸರು. ಮಲಯಾಳದಲ್ಲೂ ‘ಕಿಳಕ್ಕ್’ ಅಂದರೆ ಮೂಡಣವೇ, ಆದರೆ ಕೇರಳದಲ್ಲಿ ನೆಲ ಇಳಿಯುವುದು ಪಡುವಣಕ್ಕೆ! ಕನ್ನಡದವರು ನೆಲ ಬಿಟ್ಟು ಸೂರ್ಯನನ್ನು ನೋಡಿದರು: ಮೂಡುವ ಕಡೆ ಮೂಡಣ, ಪಡುವ ಅಂದರೆ ಮುಳುಗುವ ಕಡೆ ಪಡುವಣ.

ಪದಬುತ್ತಿ:

ಎಲ್ಲರಿಗೂ ವಂದನೆ. ಕರಡು ಹೀಗಿದೆ: ಡೌನ್¹ – ಕೆಳಗೆ, ಕೆಳಕ್ಕೆ, ಒಳಗೆ ರೈಲು, ಕ್ರಿಯಾಪದದ ಬಾಲ, ಆರಂಭದ ಕಂತು. ಡೌನ್² – ಹಕ್ಕಿತುಪ್ಪಳ. ಡೌನ್³ – ಹುಲ್ಲುಗುಡ್ಡ. ಗೋಡೌನ್, ಡೌನ್ ಸಿಂಡ್ರೋಮ್ ತಮ್ಮ ತಮ್ಮ ಅಕ್ಷರದಡಿ ಪ್ರತ್ಯೇಕ. ಡೌನ್‌ಲೋಡ್‌ಗೆ ‘ಇಳಿಸಿಕೊಳ್ಳು’ ಸಾಕಲ್ಲವೇ?

ಹಳೇಕಾಗುಣಿತ:

ಸಾಕು. ತಲೆಮೇಲಿನ ಹೊರೆ ಇಳಿಸಿಕೊಳ್ಳುವ ಪದ ಹೇಗೂ ನಮ್ಮಲ್ಲಿತ್ತು. ಡೌನ್³ನ್ನು ‘ಡೌನ್ಸ್’ ಅಂತ ಬಹುವಚನದಲ್ಲೇ ಕೊಡಿ, ಮಕ್ಕಳಿಗೆ ಸಿಗುವುದು ಆ ರೂಪವೇ. ಡೌನ್¹ರ ಕೊನೆಗೆ ‘ನೋಡಿ: ಡೌನ್³’ ಅಂತ ಒಂದು ಸಾಲು ಸೇರಿಸಿ.